ಅವ್ವನ ಕಣ್ಣು, ನನ್ನ ಬಲ್ಬು

ಕಲಿತವರ ತಪ್ಪಿಗೊಂದು ವಿಶೇಷ ಗುಣವಿದೆ. ಅದು ಮೊದಲು ಬೇರೆಯವರ ತಪ್ಪಿನಂತೆ ಕಾಣುತ್ತದೆ. ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಕಿನ ಪಾಠವೆಂದರೆ ನನಗೆ ಅಚ್ಚುಮೆಚ್ಚು. ಗಾಜಿನ ಪಟ್ಟಕ ಹಿಡಿದು ಏಳು ಬಣ್ಣ ತೋರಿಸುವಾಗ ಹಿಂದಿನ ಬೆಂಚಿನವರೂ ಮೊಬೈಲು ಕೆಳಗಿಡುತ್ತಾರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಯಾರೂ ನನಗೆ ರಿಯಾಯಿತಿ ಕೊಡಲಾರರು, ಕೊಡಲೂಬಾರದು.

ನಮ್ಮ ನಡುಮನೆಗೆ ಕಿಟಕಿಯಿಲ್ಲ, ಹಗಲೂ ದೀಪ ಬೇಕು. ಹಳೆಯ ಬಲ್ಬು ಹೋದಾಗ, ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ ಹೆಸರಿಲ್ಲದ ಎಲ್‌ಇಡಿ ಬಲ್ಬೊಂದನ್ನು ತಂದು ಹಾಕಿದೆ. ಹಾಲಿನಂಥ ಬೆಳಕು. ಮೂಲೆಯ ಜೇಡನ ಕಾಲು ಎಣಿಸಬಹುದಿತ್ತು. ಅವ್ವ ಅದರ ಕೆಳಗೆ ಕಸೂತಿಗೆ ಕೂತಳು. ಸುರೇಬಾನದ ಚಿಗವ್ವನ, ಅಂದರೆ ಅವ್ವನ ತಂಗಿಯ, ಮಗಳಿಗೆ ಕುಬಸವಿತ್ತು. ಚೊಚ್ಚಲ ಬಸುರಿಗೆ ಉಡಿಸುವ ಹಸಿರು ಸೀರೆಯ ಸೆರಗಿಗೆ ಕೆಂಪು ನವಿಲು. ಗೀಟು ಎಳೆಯದೆ, ಬಟ್ಟೆಯ ಎಳೆ ಎಣಿಸಿಯೇ ಹಾಕುವ ಕೆಲಸ. ಅವ್ವನ ನವಿಲಿಗೆ ನಮ್ಮ ಬಳಗದಲ್ಲಿ ಹೆಸರಿದೆ.

ಎರಡನೆಯ ದಿನವೇ ಅವ್ವ, "ಈ ಬೆಳಕಿನ್ಯಾಗ ಕೆಂಪು ಯಾಕೋ ಸತ್ತಂಗ ಕಾಣತೈತಿ" ಎಂದಳು. "ಬೆಳಕು ಮೊದಲಿಗಿಂತ ಜಾಸ್ತಿ ಐತಿ ಅವ್ವಾ" ಎಂದು ನಾನು ಪುಸ್ತಕದಿಂದ ತಲೆಯೆತ್ತದೆ ಹೇಳಿದೆ.

ಸೀರೆ ನೋಡಲು ಬಂದ ಚಿಗವ್ವ ಅದನ್ನು ಅಂಗಳದಲ್ಲಿ ಬಿಡಿಸಿದಳು. ಮೊದಲ ದಾರ ತೀರಿ ಅವ್ವ ಇನ್ನೊಂದನ್ನು ಎತ್ತಿಕೊಂಡಲ್ಲಿಂದ ನವಿಲು ಕಾಫಿ ಬಣ್ಣಕ್ಕೆ ತಿರುಗಿತ್ತು.

"ಯಕ್ಕಾ, ಈ ನವಿಲು ಅರ್ಧಾ ಕೆಸರಾಗ ಕುಂತಿತ್ತೇನ?"

ಅವ್ವನೂ ನಕ್ಕಳು. ನಾನು ಮಾತ್ರ ಗಂಭೀರಳಾಗಿ, "ಅವ್ವನ ಕಣ್ಣಿಗೆ ಪೊರಿ ಬಂದಿರಬೇಕು" ಎಂದು ಆಕೆಯ ಎದುರೇ ತೀರ್ಪು ಕೊಟ್ಟೆ. ಡಾಕ್ಟರು ಕಣ್ಣು ಚೆನ್ನಾಗಿವೆ ಎಂದರು. ನಾನು ಡಾಕ್ಟರನ್ನೇ ಅನುಮಾನಿಸಿದೆ. ಬಲ್ಬಿನ ಮೇಲೆ ಮಾತ್ರ ನನಗೆ ಪೂರ್ಣ ವಿಶ್ವಾಸ. ಅವ್ವ ಎರಡು ದಿನ ಕೂತು ಇಡೀ ನವಿಲನ್ನು ಬಿಚ್ಚಿದಳು. ದಾರದ ಡಬ್ಬಿ ಮುಚ್ಚಿ ತಂಗಿಗೆ ಫೋನಿನಲ್ಲಿ, "ಬರೇ ಸೀರಿನ ಉಡಸವಾ. ನನ್ನ ಕಣ್ಣಿಗೆ ಇನ್ನ ಬಣ್ಣ ತಿಳಿಯೂದಿಲ್ಲ" ಎಂದಳು.

ಕುಬಸದ ದಿನ ನಡುಮನೆಯಲ್ಲೇ ಸಿಂಗರಿಸಿಕೊಂಡು ಮೊದಲ ಬಸ್ಸು ಹಿಡಿದೆವು. ಸುರೇಬಾನದಲ್ಲಿ ಇಳಿದಾಗ ಬಿಸಿಲು ಏರಿತ್ತು. ಬಾಗಿಲಲ್ಲೇ ಚಿಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನವಾ ಇದು, ಕೆಂಪ ಸೀರಿಗೆ ಕಾಫಿ ಬಣ್ಣದ ಜಂಪರು?"

ಕೆಂಪೆಂದು ತೊಟ್ಟು ಬಂದ ರವಿಕೆ ನೋಡಿಕೊಂಡೆ. ಹೌದು. "ಮನ್ಯಾಗಿನ ಬಲ್ಬು ಖರಾಬ ಐತಿ ಚಿಗವ್ವಾ, ಅದರಾಗ ಕೆಂಪ ಇಲ್ಲ" ಎಂದು ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಹೌದಾ? ನಿಮ್ಮವ್ವಗಾದ್ರ ಕಣ್ಣು, ನಿನಗಾದ್ರ ಬಲ್ಬು!"

ಬೆಳಕು ಹೊತ್ತು ತಂದ ಬಣ್ಣವನ್ನಷ್ಟೇ ವಸ್ತು ನಮಗೆ ಮರಳಿಸಬಲ್ಲದು. ಅಗ್ಗದ ಬಲ್ಬಿನ ಬಿಳುಪಿನಲ್ಲಿ ಕೆಂಪು ತೀರ ಕಡಿಮೆ. ಪಾಪ, ದಾರ ಅದನ್ನು ಎಲ್ಲಿಂದ ತಂದು ಕೊಡಬೇಕು? ವರ್ಷವರ್ಷವೂ ನಾನೇ ಬೋರ್ಡಿನ ಮೇಲೆ ಬರೆಯುವ ಮಾತು ಇದು. ಅವ್ವ ನನ್ನ ಸೆರಗನ್ನೆಳೆದು ಜಂಪರು ಕಾಣದಂತೆ ಹೊದಿಸಿದಳು. ಒಳಗೆ ಬಸುರಿ ತಂಗಿ ನವಿಲಿಲ್ಲದ ಸೆರಗು ಹೊದ್ದು ಕೂತಿದ್ದಳು. ಆರತಿ ಎತ್ತುವಾಗ ನನಗೆ ಅವಳ ಮುಖ ನೋಡುವುದಾಗಲಿಲ್ಲ.

ಮರುದಿನವೇ ಒಳ್ಳೆಯ ಬಲ್ಬು ತಂದೆ. ತಪ್ಪಾಯಿತು ಅನ್ನುವುದು ನನಗೆ ಬಾರದ ವಿದ್ಯೆ; ಬದಲಿಗೆ ಬಲ್ಬಿನ ರಟ್ಟಿನ ಮೇಲೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಅವ್ವ "ಹೂಂ" ಅಂದಳು. ಎಷ್ಟೋ ದಿನದ ಮೇಲೆ, ಹುಟ್ಟುವ ಕೂಸಿನ ತಲೆಗೆ ಕಟ್ಟುವ ಕುಂಚಿಗೆಗೆಂದು ದಾರದ ಡಬ್ಬಿ ತೆರೆದು, ಒಂದು ಎಳೆ ಎತ್ತಿ ಹಿಡಿದಳು.

"ಇದು ಕೆಂಪ ಹೌದಲ್ಲ?"

ಈ ವಯಸ್ಸಿನವರೆಗೆ ಯಾರನ್ನೂ ಕೇಳದೆ ಸೂಜಿ ಪೋಣಿಸಿದಾಕೆ.

"ಕೆಂಪನ ಐತಿ ಅವ್ವಾ. ಈ ಬಲ್ಬಿನ್ಯಾಗ ಎಲ್ಲಾ ಬಣ್ಣ ಅದಾವು."

"ಇರ್ತಾವ ಬಿಡು. ನೀ ಕಲತಾಕಿ, ನೀ ಹೇಳೂದು ಸುಳ್ಳ ಹೆಂಗ ಆದೀತು?" ಎನ್ನುತ್ತ ಎದ್ದ ಅವ್ವ, ಆ ಎಳೆಯನ್ನು ಬಿಸಿಲಿಗೆ ಹಿಡಿದು ನೋಡಲು ಹೊರಗೆ ಹೋದಳು.