ನಮ್ಮ ರೆಕಾರ್ಡಿನ ಹಿಂಬದಿಗೆ ಬಂದ ಪಾರಿವಾಳದ ಭೇದಿ

ಹಲ್ ಬಂದರುಪಟ್ಟಣ, ೧೬ ಮಾರ್ಚ್ ೧೯೮೧

ರೆಕಾರ್ಡ್ ಅಚ್ಚು ಕಾರ್ಖಾನೆಯ ಮಾನ್ಯ ಮೇಲ್ವಿಚಾರಕರೇ,

ತಮಗೂ, ತಮ್ಮ ಅಚ್ಚುಯಂತ್ರಗಳಿಗೂ, ಚಹಾದ ಹೊತ್ತಾದೊಡನೆ ಆ ಯಂತ್ರಗಳನ್ನು ದೇವರ ಮೇಲೆ ಭಾರ ಹಾಕಿ ಎದ್ದುಹೋಗುವ ತಮ್ಮ ಸಿಬ್ಬಂದಿಗೂ ‘ಒದ್ದೆ ಕೋಟುಗಳು’ ವಾದ್ಯತಂಡದ ಪರವಾಗಿ ಸಾದರ ನಮಸ್ಕಾರಗಳು. ತಂಡ ಈಗ ಇಲ್ಲ. ಹದಿನಾಲ್ಕು ತಿಂಗಳು ಬದುಕಿ, ಎರಡು ರೆಕಾರ್ಡ್ ಹೊರತಂದು ಹೋದ ವಾರ ತೀರಿಕೊಂಡಿತು. ಡ್ರಮ್ ಬಾರಿಸುತ್ತಿದ್ದ ನನ್ನ ಪಾಲಿಗೆ ಈ ಉತ್ತರಕ್ರಿಯೆಯ ಕಾಗದ ಬಂದಿದೆ.

ನಮ್ಮ ಎರಡನೇ ರೆಕಾರ್ಡಿನ ಮುಂಬದಿಯಲ್ಲಿ ಗಿಟಾರಿನ ನೈಜೆಲ್ ನಿರುದ್ಯೋಗ ಕಚೇರಿಯ ಸರದಿಸಾಲಿನ ಬಗ್ಗೆ ಅರಚುತ್ತಾನೆ. ಹಿಂಬದಿಯಲ್ಲಿ ನಮ್ಮ ಗಾಯಕಿ ಗ್ಲೆನಿಸ್ ತನ್ನ ಅಪ್ಪನಿಗೆಂದು ಕಟ್ಟಿದ ಹಾಡು ಇರಬೇಕಿತ್ತು. ಅವರು ಮೀನಿನ ಹಡಗು ಹತ್ತಿ ಉತ್ತರಕ್ಕೆ ಹೋಗಿ ಏಳು ವರ್ಷವಾಯಿತು, ಮರಳಿಲ್ಲ. ಬೇಗ ಬಾ, ಚಹಾ ಆರುತ್ತಿದೆ ಎನ್ನುವುದಷ್ಟೇ ಹಾಡು. ನಮ್ಮಿಂದ ಹುಟ್ಟಿದ ಒಂದೇ ಒಳ್ಳೆಯ ಹಾಡು ಅದು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ತಾವು ಕೃಪೆಯಿಟ್ಟು ಆ ಜಾಗದಲ್ಲಿ ಪಾರಿವಾಳ ಸಾಕುವವರ ಸಂಘದ ಕಾರ್ಯದರ್ಶಿ ಸಿರಿಲ್ ಸ್ಟಾದರ್ಸ್ ಅವರ ಉಪನ್ಯಾಸವನ್ನು ಅಚ್ಚು ಹಾಕಿದಿರಿ: ಹಕ್ಕಿಗಳ ಭೇದಿ, ಅದರ ಬಣ್ಣಗಳು ಮತ್ತು ಚಿಕಿತ್ಸೆ. ನಾವು ಮೂವರೂ ಗ್ಲೆನಿಸಳ ಅಮ್ಮನ ಅಡುಗೆಮನೆಯಲ್ಲಿ ಕೂತು ಮುನ್ನೂರು ರೆಕಾರ್ಡುಗಳಿಗೆ ಲಕೋಟೆ ಮಡಿಸಿ, ಅಂಟಿಸಿ, ಒಂದನ್ನೂ ಕೇಳದೆ ಅಂಚೆಗೆ ಹಾಕಿದೆವು. ತಮ್ಮ ರೆಕಾರ್ಡನ್ನು ತಾವೇ ಕೇಳಿ ಸುಖಪಡುವುದು ಉದ್ದಕೂದಲಿನ ಹಳೇ ತಾರೆಯರ ಚಾಳಿ, ನಾವು ಅಂಥವರಲ್ಲ ಎಂಬುದು ನಮ್ಮ ಸಿದ್ಧಾಂತವಾಗಿತ್ತು.

ಸಂಗೀತ ವಾರಪತ್ರಿಕೆಯೊಂದು ಆ ಭೇದಿಯನ್ನು “ಈ ವರ್ಷದ ಅತ್ಯಂತ ನಿರ್ಭೀತ ಧ್ವನಿ” ಎಂದು ಹೊಗಳಿದಾಗಲೇ ನಮಗೆ ವಿಷಯ ಗೊತ್ತಾದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ನೈಜೆಲ್, “ಸುಮ್ನಿರೋ ಮಾರಾಯ! ಬೇಕಂತ್ಲೇ ಮಾಡಿದ್ದು ಅಂದ್ಬಿಡೋಣ” ಎಂದ. ಮುಂದಿನ ಕಾರ್ಯಕ್ರಮದಲ್ಲಿ ಗ್ಲೆನಿಸ್ ಬಾಯಿ ಬಿಟ್ಟರೆ ಜನ “ಪಾರಿವಾಳ! ಪಾರಿವಾಳ!” ಎಂದು ಕೂಗಿದರು. ನೈಜೆಲ್ ಕಾಗದ ಹಿಡಿದು ಭೇದಿಯ ಬಣ್ಣಗಳನ್ನು ಓದತೊಡಗಿದ. “ಹಕ್ಕಿ ಹೇಲಿಗೆ ನಮ್ಮಪ್ಪನ್ನ ಮಾರ್ಕೊಂಡ್ಯಲ್ಲೋ, ಥೂ!” ಎಂದು ಅವಳು ಮೈಕು ಬಿಸಾಕಿ ಇಳಿದುಹೋದಳು. ತಂಡದ ಕಥೆ ಅಲ್ಲಿಗೆ ಮುಗಿಯಿತು.

ಈಗ ತಮ್ಮ ಪತ್ರ ಬಂದಿದೆ. ನಮ್ಮ ಮೂಲ ಟೇಪು ತಮ್ಮಲ್ಲಿ ಕಳೆದುಹೋಗಿದೆಯಂತೆ, ಆ ಹಾಡು ಸಂಘದವರ ರೆಕಾರ್ಡಿಗೆ ಅಚ್ಚಾಗಿಬಿಟ್ಟಿದೆಯಂತೆ, ಅವರಲ್ಲಿರುವ ನಲವತ್ತನ್ನೂ ತರಿಸಿಕೊಂಡು ಕರಗಿಸಿ ಪ್ರಮಾದವನ್ನು ಸರಿಪಡಿಸುತ್ತೀರಂತೆ. ತಮ್ಮ ಕರ್ತವ್ಯನಿಷ್ಠೆಗೆ ಎಷ್ಟು ಕೈ ಮುಗಿದರೂ ಸಾಲದು.

ಗ್ಲೆನಿಸಳನ್ನು ಕರೆದುಕೊಂಡು ಶನಿವಾರ ಸ್ಟಾದರ್ಸ್ ಅವರ ಹಿತ್ತಲಿಗೆ ಹೋದೆ. “ಹಾಡು ಗೀಡು ನಂಗೆ ತಿಳಿಯಲ್ಲಮ್ಮ,” ಎಂದರು ಅಜ್ಜ, “ಪಂದ್ಯದಿಂದ ಬಂದ ಹಕ್ಕಿ ಮಾಡಿನ ಮೇಲೆ ಕೂತ್ಕೊಂಡು ಸತಾಯಿಸುತ್ತೆ. ಇದನ್ನ ಹಾಕಿದ್ರೆ ಮಾತ್ರ ಗೂಡಿಗಿಳಿಯುತ್ತೆ. ಕರಗಿಸೋಕೆ ಕೊಡ್ತೀನಾ? ನನ್ನ ತಲೆ ಕೆಟ್ಟಿದ್ಯಾ?” ರೆಕಾರ್ಡ್ ತಿರುಗಿತು. ಅವಳ ದನಿ ಕೇಳಿ ಹಕ್ಕಿಗಳು ಒಂದೊಂದಾಗಿ ಇಳಿದವು. ನನಗೆ ಅಳು ಬಂತು, ಬರಲಿ.

ಆದ್ದರಿಂದ ತಾವು ಇನ್ನುಮುಂದೆ ಎಲ್ಲವನ್ನೂ ಚಹಾದ ಹೊತ್ತಿನಲ್ಲೇ ಅಚ್ಚು ಹಾಕಬೇಕೆಂದೂ, ಆ ನಲವತ್ತರ ತಂಟೆಗೆ ಮಾತ್ರ ಬರಬಾರದೆಂದೂ ಬೇಡುತ್ತೇನೆ. ಹೊರಡುವಾಗ ಗ್ಲೆನಿಸ್, “ಎಲ್ಲಾ ಬಂದ್ವಾ?” ಎಂದು ಕೇಳಿದಳು. ಒಂದು ಬಾಕಿ ಎಂದರು ಅಜ್ಜ. ಅವಳು ಕೋಟು ಬಿಚ್ಚಿ ಮತ್ತೆ ಕೂತಳು. “ಹಾಗಾದ್ರೆ ಇನ್ನೊಂದ್ಸಲ ಹಾಕಿ, ಯಜಮಾನ್ರೇ.”

ತಮ್ಮ ತಪ್ಪಿಗೆ ಸದಾ ಋಣಿಯಾದ, ತಮ್ಮ ವಿಶ್ವಾಸಿ,
ಟ್ರೆವರ್ ಬ್ಲೆಂಕಿನ್

ವಿ.ಸೂ.: ಏನನ್ನಾದರೂ ಕರಗಿಸದೆ ತಮಗೆ ನಿದ್ದೆ ಹತ್ತದಿದ್ದರೆ ನೈಜೆಲ್‌ನ ವಿಳಾಸ ಕಳಿಸುತ್ತೇನೆ. ಅವನು ಈಗ ಭೇದಿಯ ಎರಡನೇ ಭಾಗವನ್ನು ಸ್ವಂತವಾಗಿ ರಚಿಸುತ್ತಿದ್ದಾನೆ.