ಗೌಡರ ಫೋನಿನಲ್ಲಿ ಪಾಸಾದ ಮಸೂದೆ

ಸಕ್ಕರೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವುದಕ್ಕೆ ನಮ್ಮಲ್ಲಿ ಯಾರೂ ಹಿಂಜರಿಯುವುದಿಲ್ಲ. ಬಿ.ಪಿ. ಎಷ್ಟಿದೆ ಎಂಬುದನ್ನು ಕೇಳದಿದ್ದರೂ ಹೇಳುತ್ತಾರೆ. ಮಂಡಿನೋವು, ಗ್ಯಾಸು, ಸೊಸೆಯ ಮೌನ ಇವೆಲ್ಲ ಪಾರ್ಕಿನ ಬೆಂಚಿನ ಮೇಲೆ ಬಹಿರಂಗವಾಗಿ ಚರ್ಚೆಯಾಗುವ ವಿಷಯಗಳು. ಆದರೆ ‘ನನಗೆ ಹೊಟ್ಟೆಕಿಚ್ಚು ಇದೆ, ಈಚೆಗೆ ಸ್ವಲ್ಪ ಜಾಸ್ತಿಯಾಗಿದೆ’ ಎಂದು ಹೇಳಿಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ. ಆ ಕೊರತೆ ತುಂಬಲು ನಾನೇ ಮುಂದೆ ಬಂದಿದ್ದೇನೆ. ನನಗೆ ಹೊಟ್ಟೆಕಿಚ್ಚು ಇದೆ. ಅದೂ ಯಾರ ಕಾರಿಗೂ ಅಲ್ಲ, ಯಾರ ಮೂರಂತಸ್ತಿನ ಮನೆಗೂ ಅಲ್ಲ. ದೆಹಲಿಯ ಪಾರ್ಲಿಮೆಂಟಿನಲ್ಲಿ ಯಾವ ಮಸೂದೆ ಎಲ್ಲಿಯವರೆಗೆ ಬಂತು ಎಂಬುದನ್ನು ನನಗಿಂತ ಮೊದಲು ತಿಳಿದುಕೊಳ್ಳುವವರೊಬ್ಬರು ನಮ್ಮ ಬೀದಿಗೆ ಬಂದಿದ್ದಾರೆ, ಅದಕ್ಕೆ. ನೀವು ನಗುತ್ತೀರಿ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವುದಾದರೂ ಕಾನೂನಿಗೆ ತಿದ್ದುಪಡಿ ಬಂದರೆ, ಅಚ್ಚಾದ ಚೀಟಿಯನ್ನು ಕತ್ತರಿಸಿ ಕಚೇರಿಯ ಕಾನೂನು ಪುಸ್ತಕದ ಆಯಾ ಪುಟಕ್ಕೆ ಅಂಟಿಸುವುದು ನನ್ನ ವಿಭಾಗದ ಕೆಲಸಗಳಲ್ಲೊಂದು. ಒಂದು ಚೀಟಿಯ ಗೋಂದು ಆರುವ ಮೊದಲೇ ಅದರ ಮೇಲೆ ಅಂಟಿಸಲು ಇನ್ನೊಂದು ಬರುತ್ತಿತ್ತು. ಹೀಗೆ ಕಾನೂನಿನ ಬಾಲವನ್ನಷ್ಟೇ ನೋಡಿದ ನನಗೆ, ಅದರ ತಲೆ ಎಲ್ಲಿ ಹುಟ್ಟುತ್ತದೆ ಎಂಬ ಕುತೂಹಲ ಉಳಿದುಬಿಟ್ಟಿತ್ತು. ನಿವೃತ್ತಿಯಾದ ಮೇಲೆ ಸಂಸತ್ತಿನ ಕಲಾಪವನ್ನು ನೇರವಾಗಿ ತೋರಿಸುವ ಚಾನೆಲ್ ಹಾಕಿಕೊಂಡು ಕೂತೆ. ಸುಮ್ಮನೆ ಕೂರುವ ಗಂಡಸನ್ನು ನನ್ನ ಹೆಂಡತಿ ಸರೋಜ ಸಹಿಸುವುದಿಲ್ಲ. ಚಳಿಗಾಲದ ಅಧಿವೇಶನ ಶುರುವಾಗುವ ಹೊತ್ತಿಗೆ ನಮ್ಮೂರಿನಲ್ಲಿ ಅವರೆಕಾಯಿಯ ಕಾಲವೂ ಶುರುವಾಗುವುದರಿಂದ, ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನನ್ನ ತೊಡೆಯ ಮೇಲಿಟ್ಟು ಹೋಗುತ್ತಾಳೆ. ಅಲ್ಲಿ ಸದಸ್ಯರು ಮಸೂದೆಯನ್ನು ಖಂಡ ಖಂಡವಾಗಿ ಪರಿಶೀಲಿಸುತ್ತಿದ್ದರೆ ನಾನಿಲ್ಲಿ ಕಾಳು ಕಾಳಾಗಿ ಹಿದುಕುತ್ತಿರುತ್ತೇನೆ. ಗದ್ದಲ ಎದ್ದಾಗ ಬೆರಳಿನ ಒತ್ತಡ ಹೆಚ್ಚಾಗಿ ಬೇಳೆ ಸೋಫಾದ ಕೆಳಗೆ ಹಾರುವುದುಂಟು. ಹೊಸ ವರ್ಷದ ಹೊತ್ತಿಗೆ ಸೋಫಾ ಸರಿಸಿದರೆ ವಿರೋಧ ಪಕ್ಷ ಎಷ್ಟು ಸಲ ಸಭಾತ್ಯಾಗ ಮಾಡಿತೆಂದು ಅಂದಾಜು ಸಿಗುತ್ತದೆ.

ಈ ಜ್ಞಾನವನ್ನೆಲ್ಲ ನಾನು ಬಸವನಗುಡಿಯ ಪಾರ್ಕಿನಲ್ಲಿ ಹಂಚುತ್ತಿದ್ದೆ. ಬೆಳಿಗ್ಗೆ ನಡಿಗೆ ಮುಗಿಸಿ ನಾವು ಐದಾರು ಜನ ಬೆಂಚಿನ ಮೇಲೆ ಕೂತು, ಆಮೇಲೆ ಗಾಂಧಿ ಬಜಾರಿನ ಹೋಟೆಲಿಗೆ ಹೋಗಿ ಬೈಟು ಕಾಫಿ ಕುಡಿಯುತ್ತೇವೆ. ನನ್ನನ್ನು ಅವರು ‘ಪಾರ್ಲಿಮೆಂಟ್ ರಾಯರು’ ಎನ್ನುತ್ತಿದ್ದರು. ನಾನು ಬೇಡವೆನ್ನುವಂತೆ ಕೈ ಆಡಿಸುತ್ತಿದ್ದೆ, ಆದರೆ ಯಾರಾದರೂ ಬರಿಯ ‘ರಾಯರೇ’ ಎಂದರೆ ಅಂದು ನನಗೆ ಕಾಫಿ ನೀರೆನಿಸುತ್ತಿತ್ತು. ಮಸೂದೆಯ ಕಥೆಯನ್ನು ನಾನು ಒಂದೇ ದಿನ ಹೇಳಿ ಮುಗಿಸುವವನಲ್ಲ. ಸೋಮವಾರ ಮಂಡನೆ. ಮಂಗಳವಾರ, ಅದು ಸ್ಥಾಯಿ ಸಮಿತಿಗೆ ಹೋದರೆ ಏನಾಗುತ್ತದೆ, ಹೋಗದಿದ್ದರೆ ಏನಾಗುತ್ತದೆ ಎಂಬ ವಿಚಾರ. ಧ್ವನಿಮತ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ನಿವೃತ್ತ ಹೆಡ್‌ಮಾಸ್ಟರು ಶಾಮಣ್ಣನವರಂತೂ, “ನಾಳೆ ಬೇಗ ಬಂದ್ಬಿಡಿ ರಾಯರೇ, ರಾಜ್ಯಸಭೇಲಿ ಏನಾಯ್ತು ಅಂತ ತಿಳೀದೆ ನಂಗೆ ತಿಂಡಿ ಸೇರಲ್ಲ” ಎನ್ನುತ್ತಿದ್ದರು.

ಹೀಗಿರುವಾಗ ತ್ಯಾಗರಾಜನಗರದ ನಮ್ಮ ಬೀದಿಯ ಕೊನೆಯ ಮನೆಯನ್ನು ಪುಟ್ಟಸ್ವಾಮಿಗೌಡರು ಕೊಂಡುಕೊಂಡು ಬಂದರು. ಮಂಡ್ಯದ ಕಡೆಯವರು, ನಿವೇಶನಗಳ ವ್ಯವಹಾರ ಮಾಡಿ ಈಗ ಅದನ್ನು ತಮ್ಮನಿಗೆ ಬಿಟ್ಟಿದ್ದಾರೆ. ಒಳ್ಳೆಯ ಮನುಷ್ಯ. ಇದನ್ನು ಹೇಳಲು ನನಗೆಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ತಿಳಿಯದು. ಅವರಲ್ಲಿ ಒಂದಿಷ್ಟು ಜಂಬವೋ ಜಿಪುಣತನವೋ ಇದ್ದಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಪರಿಚಯಿಸಿದ್ದು ನಾನೇ. ಮೊದಲ ವಾರ ಅವರು ಬಾಯಿ ತೆರೆದುಕೊಂಡು ನನ್ನ ಮಾತು ಕೇಳಿದರು. ಎರಡನೆಯ ವಾರ ಅವರ ಫೋನಿನಲ್ಲಿ, ಮಸೂದೆಗಳ ಜಾಡು ಹಿಡಿದು ಆಗಾಗ ಸುದ್ದಿ ಕೊಡುವ ಒಂದು ಆ್ಯಪ್ ಬಂದು ಕೂತಿತು. ಅವರ ಮಗಳು ಹಾಕಿಕೊಟ್ಟಿದ್ದಂತೆ.

ಅಂದಿನಿಂದ ನನ್ನ ದೆಸೆ ತಿರುಗಿತು. ನಾನು ಯಾವುದೋ ಮಸೂದೆಯ ಹಿನ್ನೆಲೆಯನ್ನು ವಿವರಿಸಿ, ಗಂಟಲು ಸರಿಪಡಿಸಿಕೊಂಡು, ಇನ್ನೇನು ಮತದಾನಕ್ಕೆ ಬರಬೇಕು, ಅಷ್ಟರಲ್ಲಿ ಗೌಡರ ಜೇಬಿನಲ್ಲಿ ‘ಟಿಣ್’ ಎನ್ನುತ್ತಿತ್ತು. ಅವರು ಕನ್ನಡಕ ಏರಿಸಿ, “ಆಗೋಯ್ತಂತೆ ರಾಯರೇ. ರಾಷ್ಟ್ರಪತಿಗಳ ಸಹೀನೂ ಬಿತ್ತಂತೆ” ಎನ್ನುತ್ತಿದ್ದರು. ಒಂದು ವಾರದ ನನ್ನ ಸಾಮಗ್ರಿ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಜನ ಬದಲಾಗಲು ಎಷ್ಟು ಹೊತ್ತು? ಶಾಮಣ್ಣನವರು ಬೆಂಚಿನಲ್ಲಿ ನನ್ನ ಪಕ್ಕದಿಂದ ಎದ್ದು ಗೌಡರ ಪಕ್ಕಕ್ಕೆ ಹೋದರು. ಕೇಳಿದರೆ, “ಆ ಕಡೆ ಬಿಸಿಲು ಚೆನ್ನಾಗಿ ಬೀಳತ್ತೆ” ಎಂದರು. ಬೆಂಚು ಮರದ ನೆರಳಿನಲ್ಲಿದೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಒಂದು ದಿನ ನಾನು ಊಟದ ಹೊತ್ತಿಗೆ, “ಸರೋಜ, ಇವತ್ತು ಲೋಕಸಭೆಯಲ್ಲಿ...” ಎಂದು ಆರಂಭಿಸಿದಾಗ ಅವಳು ಸಾರಿನ ಸೌಟು ಹಿಡಿದುಕೊಂಡೇ, “ಗೊತ್ತಾಯ್ತು ರೀ, ಗೇಟಿನ ಹತ್ರ ಗೌಡರು ಹೇಳಿದ್ರು. ಅವರು ಹೇಳಿದ್ರೆ ಬೇಗ ಅರ್ಥ ಆಗತ್ತೆ” ಎಂದಳು. ಪಾರ್ಕು ಹೋದರೆ ಹೋಗಲಿ. ಮದುವೆಯಾದಂದಿನಿಂದ ನನ್ನ ವಿವರಣೆಗಳನ್ನು ಕೇಳಿಕೊಂಡು ಬಂದವಳು, ಬೀದಿಯ ಕೊನೆಯ ಮನೆಯವರಿಂದ ರಾಜ್ಯಾಂಗ ಅರ್ಥಮಾಡಿಕೊಂಡರೆ ಯಾವ ಗಂಡನಿಗೆ ಅನ್ನ ಇಳಿಯುತ್ತದೆ? ನನಗೆ ಆ ರಾತ್ರಿ ಮಜ್ಜಿಗೆಯೂ ಇಳಿಯಲಿಲ್ಲ. ಹೋದ ಮಾನವನ್ನು ಪಾರ್ಕಿನಲ್ಲಿ ಮಾತ್ರವಲ್ಲ, ಅಡುಗೆಮನೆಯಲ್ಲೂ ವಾಪಸು ತರಬೇಕೆಂದು ತೀರ್ಮಾನಿಸಿದೆ.

ಅವಕಾಶ ಆ ಅಧಿವೇಶನದಲ್ಲೇ ಒದಗಿ ಬಂತು. ಹಿರಿಯ ನಾಗರಿಕರಿಗಾಗಿ ಒಂದು ಮಸೂದೆ ಬಂದಿತ್ತು. ಅರವತ್ತು ದಾಟಿದವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು, ಅವರ ಅರ್ಜಿಗೆ ಅಧಿಕಾರಿಗಳು ಗಡುವಿನೊಳಗೆ ಉತ್ತರ ಕೊಡಲೇಬೇಕು ಎಂಬುದು ಅದರ ಸಾರ. ನಮ್ಮ ಬೆಂಚಿನಲ್ಲಿ ಅರವತ್ತು ದಾಟದವರು ಯಾರೂ ಇಲ್ಲವಾದ್ದರಿಂದ ಎಲ್ಲರೂ ಅದನ್ನು ಮನೆಯ ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಲೋಕಸಭೆ ಅದನ್ನು ಒಪ್ಪಿ ರಾಜ್ಯಸಭೆಗೆ ಕಳಿಸಿತ್ತು. ಅಧಿವೇಶನದ ಕೊನೆಯ ದಿನ ನಾನು ಅವರೆಕಾಳು ಹಿದುಕುತ್ತಾ ನೋಡುತ್ತಿದ್ದೆ. ರಾಜ್ಯಸಭೆ ಮಸೂದೆಯನ್ನು ಒಪ್ಪಿತು ನಿಜ, ಆದರೆ ಒಂದು ತಿದ್ದುಪಡಿಯೊಂದಿಗೆ. ಹಾಗೆ ಒಂದು ಪದ ಬದಲಾದರೂ ಅದು ಮತ್ತೆ ಲೋಕಸಭೆಗೆ ಹೋಗಿ ಒಪ್ಪಿಗೆ ಪಡೆಯಬೇಕು. ಲೋಕಸಭೆಯೋ, ಅಂದು ಬೆಳಿಗ್ಗೆಯೇ ಕಲಾಪ ಮುಗಿಸಿ ಬಾಗಿಲು ಹಾಕಿಕೊಂಡಿತ್ತು. ಅಂದರೆ ಮುಂದಿನ ಅಧಿವೇಶನದವರೆಗೆ ಮಸೂದೆ ಅಲ್ಲೇ ಕೂರಬೇಕು. ಹಿರಿಯ ನಾಗರಿಕನಾಗಿ ನನಗೆ ದುಃಖವಾಗಬೇಕಾಗಿತ್ತು. ನನಗೆ ಮೊದಲು ಬಂದ ಯೋಚನೆ, ಇದು ಗೌಡರ ಫೋನಿಗೆ ಗೊತ್ತಿರುತ್ತದೆಯೇ ಎಂಬುದು.

ಗೊತ್ತಿರಲಿಲ್ಲ. ಮರುದಿನ ಗೌಡರು ದೂರದಿಂದಲೇ ಫೋನು ಎತ್ತಿ ತೋರಿಸುತ್ತಾ ಬಂದರು. “ರಾಜ್ಯಸಭೇಲೂ ಪಾಸು. ಎರಡೂ ಕಡೆ ಆಯ್ತು. ಇನ್ನು ನಮ್ಮನ್ನ ಯಾರೂ ‘ನಾಳೆ ಬನ್ನಿ’ ಅನ್ನಂಗಿಲ್ಲ. ನಡೀರಿ, ಇವತ್ತು ಎಲ್ಲಾರಿಗೂ ನಂದೇ ತಿಂಡಿ.” ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಈಗಲೇ ಹೇಳಿದರೆ ಗೌಡರು ‘ಹೌದಾ’ ಎಂದು ನಕ್ಕು ಸುಮ್ಮನಾಗುತ್ತಾರೆ. ಅವರು ತಿಂಡಿ ಕೊಡಿಸಲಿ, ಸುದ್ದಿ ನಾಲ್ಕು ಮನೆಗೆ ಹರಡಲಿ, ನಾಳೆ ಹೇಳಿದರೆ ಬೀಳುವ ಎತ್ತರ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಹೋಟೆಲಿನಲ್ಲಿ ಸಕ್ಕರೆ ಕಾಯಿಲೆಯ ಶಾಮಣ್ಣನವರೂ ಸಂತೋಷಕ್ಕೆ ಪೂರ್ತಿ ಕೇಸರಿಬಾತ್ ತಿಂದರು. “ಯಾಕೆ ರಾಯರೇ, ಇವತ್ತು ಮಾತೇ ಇಲ್ಲ?” ಎಂದು ಗೌಡರು ಕೇಳಿದಾಗ, ಬಾಯಲ್ಲಿ ಕೇಸರಿಬಾತ್ ಇದೆಯೆಂದು ಕೈಸನ್ನೆಯಲ್ಲಿ ತೋರಿಸಿದೆ. ಅಷ್ಟು ರುಚಿಯಾದ ಕೇಸರಿಬಾತನ್ನು ನಾನು ಈಚೆಗೆ ತಿಂದಿರಲಿಲ್ಲ.

ಮಾರನೆಯ ದಿನ ಬೆಂಚಿನಲ್ಲಿ ಎಲ್ಲರೂ ಕೂತ ಮೇಲೆ ವಿಷಯ ಬಿಚ್ಚಿದೆ. ತಿದ್ದುಪಡಿ ಎಂದರೇನು, ಎರಡೂ ಸದನಗಳು ಮಸೂದೆಯ ಒಂದೇ ರೂಪವನ್ನು ಯಾಕೆ ಒಪ್ಪಬೇಕು, ಎಲ್ಲವನ್ನೂ ಸಾವಕಾಶವಾಗಿ ಹೇಳಿದೆ. ಗೌಡರ ಫೋನು ಒಮ್ಮೆಯೂ ಟಿಣ್ ಎನ್ನಲಿಲ್ಲ. ಹೇಳಿ ಮುಗಿಸಿ, ಮೆಚ್ಚುಗೆಗಾಗಿ ಸುತ್ತ ನೋಡಿದರೆ ಎಲ್ಲರ ಮುಖವೂ ಜೋಲುಬಿದ್ದಿತ್ತು, ಮಸೂದೆಯನ್ನು ನಾನೇ ಹೋಗಿ ತಡೆದು ಬಂದೆನೋ ಎಂಬಂತೆ.

“ಇದು ನಿಮಗೆ ಯಾವಾಗ ಗೊತ್ತಾಯ್ತು?” ಎಂದರು ಶಾಮಣ್ಣನವರು.

“ಮೊನ್ನೇನೇ. ನೇರ ಪ್ರಸಾರ ನೋಡ್ತಿದ್ನಲ್ಲ” ಎಂದೆ, ಹೆಮ್ಮೆಯಿಂದ. ಹೇಳಿದ ಮೇಲೆ ಹೇಳಬಾರದಾಗಿತ್ತು ಎನಿಸಿತು.

“ಅಂದ್ರೆ ನಿನ್ನೆ ನಾನು ಕೇಸರಿಬಾತ್ ತಿನ್ನೋವಾಗ ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ನನ್ನ ಶುಗರ್ ಅಷ್ಟು ಏರ್ತಿತ್ತಾ?”

ನಾನು ಶಾಲು ಸರಿಪಡಿಸಿಕೊಂಡೆ. ಗೌಡರು ಮಾತ್ರ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಹೊರಟುಹೋದರು. ನನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಓದಿಕೊಂಡರು ಎಂದುಕೊಂಡೆ. ಆದರೂ ಸರಿಯಾದವನು ನಾನೇ ಅಲ್ಲವೇ, ಸರೋಜಳಾದರೂ ಮೆಚ್ಚಿಯಾಳು ಎಂದು ಸಮಾಧಾನ ಮಾಡಿಕೊಂಡು, ಮಾರ್ಕೆಟ್ಟಿನ ಕಡೆಯಿಂದ ಸುತ್ತಿ, ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಾ ಮನೆಗೆ ಬಂದೆ.

ನಾನು ಚಪ್ಪಲಿ ಬಿಡುವ ಮೊದಲೇ ಅವಳು, “ತಿದ್ದುಪಡಿ ಆಗಿದೆಯಂತಲ್ಲ ರೀ. ಮತ್ತೆ ಲೋಕಸಭೆಗೇ ಹೋಗ್ಬೇಕಂತೆ, ಮುಂದಿನ ಸಲ” ಎಂದಳು.

“ಯಾರು ಹೇಳಿದ್ದು?”

“ಗೌಡರು. ಹೋಗ್ತಾ ಗೇಟಿನ ಹತ್ರ ನಿಂತು ಹೇಳಿ ಹೋದ್ರು. ನಿಮ್ಮನ್ನ ತುಂಬಾ ಹೊಗಳಿದ್ರು. ‘ರಾಯರಿಗೆ ಮೊದಲೇ ಗೊತ್ತಿತ್ತಂತೆ ಕಣಮ್ಮಾ. ನಾನು ಅಷ್ಟು ಖುಷಿಯಾಗಿ ತಿಂಡಿ ಕೊಡಿಸ್ತಾ ಇದ್ನಲ್ಲ, ಎಲ್ಲರ ಎದುರಿಗೆ ನಂಗೆ ಅವಮಾನ ಆಗಬಾರದು ಅಂತ ಬಾಯೇ ಬಿಡ್ಲಿಲ್ಲ. ಅಂಥ ದೊಡ್ಡ ಮನಸ್ಸು ಯಾರಿಗಿರತ್ತೆ’ ಅಂದ್ರು.”

ಗೌಡರ ವರದಿಯಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಮನಸ್ಸಿನಲ್ಲೇ ತಡಕಾಡಿದೆ. ತಿದ್ದುಪಡಿಯ ವಿಷಯ ಸರಿಯಾಗಿತ್ತು. ಲೋಕಸಭೆಯ ವಿಷಯವೂ ಸರಿಯಾಗಿತ್ತು. ಇದ್ದದ್ದು ಒಂದೇ ತಪ್ಪು, ಅದು ನನ್ನ ಮನಸ್ಸಿನ ಗಾತ್ರಕ್ಕೆ ಸಂಬಂಧಿಸಿದ್ದು.

“ಹೌದಾ ರೀ? ಅದಕ್ಕೇ ಸುಮ್ಮನಿದ್ರಾ?” ಎಂದಳು ಸರೋಜ. ಅವಳು ನನ್ನನ್ನು ಅಷ್ಟು ಅಭಿಮಾನದಿಂದ ನೋಡಿ ಎಷ್ಟೋ ಕಾಲವಾಗಿತ್ತು.

“ಮತ್ತೆ?” ಎಂದೆ.

ಅವಳು ಒಳಗೆ ಹೋಗಿ, ಕೇಳದೆಯೇ, ನನಗೊಬ್ಬನಿಗೇ ಒಂದು ದೊಡ್ಡ ಲೋಟ ಕಾಫಿ ತಂದುಕೊಟ್ಟಳು. ಅರ್ಧ ಕುಡಿದ ಮೇಲೆ, ಈ ಕಾಫಿಯನ್ನೂ ಆ ನೋಟವನ್ನೂ ನನಗೆ ಕೊಡಿಸಿದ್ದು ಗೌಡರೇ ಎಂಬುದು ಹೊಳೆಯಿತು. ಉಳಿದರ್ಧ ನನಗೆ ಸೇರಲಿಲ್ಲ.