ಖಾಲಿ ಸುರುಳಿಯ ವಿಚಾರವಾಗಿ ನಮ್ಮ ಮನೆಯ ಅಕ್ಷರ ಫೋನಿಗೆ

ಮಾನ್ಯ ಅಕ್ಷರ ಫೋನ್ ಮಹಾಶಯರೇ,

ನಡುಮನೆಯ ಮೂಲೆಮೇಜನ್ನು ಅಲಂಕರಿಸಿ, ನಾನೇ ಹೊಲಿದ ಹೂವಿನ ಗವಸಿನೊಳಗೆ ಹಗಲಿಡೀ ವಿಶ್ರಮಿಸುವ ತಮಗೆ ಈ ಮನೆಯ ಹಿರಿಯಳ ನಮಸ್ಕಾರಗಳು. ತಮ್ಮ ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ. ಅದು ನಾಲ್ಕು ಜನಕ್ಕೆ ತಿಳಿಯಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಪರಿಚಯವಿಲ್ಲದವರಿಗಾಗಿ ಒಂದು ಮಾತು. ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವಳು ತನ್ನ ಮನೆಯಲ್ಲಿ ಕೀಲಿ ಒತ್ತಿ ಬರೆದದ್ದು ಫೋನ್ ತಂತಿಯಲ್ಲಿ ಬಂದಾಗ ತಾವು ಅದನ್ನು ಇಲ್ಲಿ ಪುಟ್ಟ ಗಾಜಿನ ಮೇಲೆ ಓಡಿಸಿ, ಕಾಗದದ ಸುರುಳಿಯ ಮೇಲೆ ಅಚ್ಚು ಹಾಕಿ ಕೊಡಬೇಕು. ಒಬ್ಬರು ಬರೆಯುವಾಗ ಇನ್ನೊಬ್ಬರು ಸುಮ್ಮನಿರಬೇಕು, ‘ಇನ್ನು ನೀನು ಹೇಳು’ ಎಂದು ಬಂದ ಮೇಲೆಯೇ ಕೀಲಿ ಮುಟ್ಟಬೇಕು ಎಂಬ ಕಟ್ಟಳೆಯೂ ತಮ್ಮದೇ. ಅರವತ್ತು ವರ್ಷ ಯಾರಿಗೂ ಸರದಿ ಬಿಟ್ಟುಕೊಡದ ನನಗೆ ಶಿಸ್ತು ಕಲಿಸಲು ಹೊರಟ ತಮ್ಮ ಧೈರ್ಯ ಮೆಚ್ಚತಕ್ಕದ್ದು.

ತಂಗಿ ನನ್ನೊಡನೆ ಮಾತು ಬಿಟ್ಟು ಆರು ವರ್ಷ. ಅವಳ ಪರವಾಗಿ ನಾನೇ ಎಲ್ಲೆಡೆ ಮಾತಾಡುತ್ತಿದ್ದೆ: ಅಂಗಡಿಯಲ್ಲಿ, ಡಾಕ್ಟರ ಬಳಿ, ಕೊನೆಗೆ ಅವಳನ್ನು ಮದುವೆಯಾಗುವೆನೆಂದು ಬಂದಿದ್ದ ಗಡಿಯಾರ ರಿಪೇರಿಯವನ ಮುಂದೆಯೂ. ಅವಳಿಗೆ ಇಷ್ಟವಿಲ್ಲ ಎಂದುಬಿಟ್ಟೆ. ಅವಳನ್ನು ಕೇಳಿರಲಿಲ್ಲ. ಅದು ಅವಳ ಕಿವಿಗಲ್ಲ, ಕಣ್ಣಿಗೆ ಬಿದ್ದದ್ದು ಆರು ವರ್ಷದ ಹಿಂದೆ, ಆತನದೇ ಒಂದು ಹಳೆಯ ಕಾಗದದಲ್ಲಿ.

ಕಳೆದ ಮಂಗಳವಾರ ಮಧ್ಯಾಹ್ನ ತಾವು ಮಿನುಗಿದಿರಿ. ಅವಳೇ. ಓಡುವ ಅಕ್ಷರಗಳ ಬೆನ್ನು ಹತ್ತುವ ಕಣ್ಣು ನನಗಿಲ್ಲ. ಆಮೇಲೆ ಕಾಗದದಲ್ಲಿ ಸಾವಕಾಶವಾಗಿ ಓದೋಣವೆಂದು ಹನ್ನೊಂದು ನಿಮಿಷ ಕೈಕಟ್ಟಿ ನೆಟ್ಟಗೆ ಕೂತೆ. ತಾವು ಗೊರಗೊರ ಎನ್ನುತ್ತ ಮೊಳಗಟ್ಟಲೆ ಕಾಗದ ಹೊರಹಾಕಿ, ನನ್ನ ಸರದಿ ಬರುವ ಮೊದಲೇ ಕಣ್ಣು ಮುಚ್ಚಿದಿರಿ. ಎತ್ತಿ ನೋಡಿದರೆ ಕಾಗದ ಒಗೆದು ಹಾಕಿದಷ್ಟು ಬೆಳ್ಳಗಿತ್ತು. ಆರು ವರ್ಷದ ಮಾತನ್ನು ನುಂಗಿ ಒಂದಕ್ಷರ ಹೊರಬಿಡದ ತಮ್ಮಂಥ ಗುಟ್ಟಿನವರು ನಮ್ಮ ಬಂಧುಬಳಗದಲ್ಲಿ ಒಬ್ಬರೂ ಇಲ್ಲ. ಅತ್ತ ಅವಳು, ಅಕ್ಕ ಈ ಸಲವೂ ಪೂರ್ತಿ ಕೇಳದೆ ಎದ್ದುಹೋದಳು ಎಂದುಕೊಂಡಿರಬೇಕು.

ನನ್ನ ಸೊಸೆ ಕೈಪಿಡಿ ಹಿಡಿದು ತಮ್ಮ ಪರ ವಕಾಲತ್ತಿಗೆ ನಿಂತಳು. ಈ ಕಾಗದದ ಒಂದೇ ಮುಖದಲ್ಲಿ ಅಚ್ಚು ಮೂಡುತ್ತದಂತೆ. ಉಗುರಿನಿಂದ ಗೀರಿದರೆ ಕಪ್ಪಾಗುವ ನಯವಾದ ಮುಖವೇ ಅದಂತೆ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನಾನು. ಬಟ್ಟೆಯ ನಯವಾದ ಮುಖ ಕೊಳೆಯಾಗದಂತೆ ಒಳಗೆ ಮಡಚಿಡಬೇಕೆಂದು ಎಷ್ಟೋ ಹುಡುಗಿಯರಿಗೆ ಕಲಿಸಿದವಳು. ಸುರುಳಿಯನ್ನೂ ಪೂರ್ತಿ ಬಿಚ್ಚಿ, ನಯವಾದ ಮುಖ ಒಳಗಾಗುವಂತೆ ಮತ್ತೆ ಸುತ್ತಿಟ್ಟಿದ್ದೆ. ಅಷ್ಟು ಶ್ರಮವನ್ನು ತಾವು ಗುರುತಿಸಲಿಲ್ಲ.

ಇನ್ನು ಕರೆಂಟಿನ ವಿಷಯ. “ಅತ್ತೆ, ಈ ಗೋಡೆ ಸ್ವಿಚ್ ಆರಿಸೋದು ಯಾರು?” ಎಂದಳು ಸೊಸೆ, ಗೊತ್ತಿದ್ದೂ ಗೊತ್ತಿದ್ದೂ. ಈ ಮನೆಯಲ್ಲಿ ಸುಮ್ಮನೆ ಹಾಕಿರುವ ಸ್ವಿಚ್ಚನ್ನು ಆರಿಸದೆ ನಾನು ಮುಂದೆ ಹೆಜ್ಜೆ ಇಟ್ಟಿದ್ದಿಲ್ಲ. ತಮ್ಮ ಬ್ಯಾಟರಿ ವಾರಗಟ್ಟಲೆ ಉಪವಾಸವಿತ್ತಂತೆ. ಹಸಿವೆಂದು ತಾವು ಹಚ್ಚಿದ ಕೆಂಪು ದೀಪವನ್ನು ನಾನು ತಮ್ಮ ಮುಖದ ಕಳೆ ಎಂದುಕೊಂಡು ಸಂತೋಷಪಟ್ಟಿದ್ದೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ ತಪ್ಪು ತಮ್ಮದೇ ಎಂಬುದು ಸ್ಪಷ್ಟ. ಆದಕಾರಣ ಆ ಹನ್ನೊಂದು ನಿಮಿಷದ ಮಾತನ್ನು ಬಿಳಿ ಕಾಗದದಿಂದ ಹೊರತೆಗೆದು ಕೊಡಬೇಕಾಗಿ ವಿನಂತಿ. ಅದಾಗದಿದ್ದರೆ, ನಾನು ನಡುವೆ ಒಂದು ಕೀಲಿಯನ್ನೂ ಮುಟ್ಟದೆ ಕೂತಿದ್ದೆ ಎಂದು ತಂಗಿಗೆ ತಾವೇ ಸಾಕ್ಷಿ ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ.

ತಮ್ಮನ್ನು ಇನ್ನೂ ಗುಜರಿಗೆ ಹಾಕದಿರುವ,
ತಮ್ಮ ವಿಶ್ವಾಸಿ,
ಮನೆಯ ಯಜಮಾನಿ

ಮರೆತ ಮಾತು: ಸೊಸೆ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿ ಸುರುಳಿ ಸರಿಮಾಡಿದ್ದಾಳೆ. ತಮ್ಮ ಸಾಕ್ಷಿಗೆ ಕಾಯದೆ ಇವತ್ತು ಬೆಳಿಗ್ಗೆ ನಾನೇ ಕರೆ ಮಾಡಿ, ನಿನ್ನ ಮಾತು ನನಗೆ ತಲುಪಲಿಲ್ಲ, ಇನ್ನು ನೀನು ಹೇಳು ಎಂದು ಬರೆದೆ. ತಾವು ಮೂಡಿಸಿದ ಮೊದಲ ಸಾಲು ಇದು: “ಅಕ್ಕಾ, ನೀನೇ ಸ್ವಿಚ್ ಆರಿಸಿರ್ತೀಯ ಅಂತ ಆವತ್ತೇ ಅಂದ್ಕೊಂಡೆ. ಮೊದಲಿಂದ ಹೇಳ್ತೀನಿ, ಮಧ್ಯೆ ಬಾಯಿ ಹಾಕ್ಬೇಡ.” ಅದರ ಮುಂದಿನ ಎರಡು ಗಜದ ಬೈಗುಳವನ್ನು ಇಷ್ಟು ಕಪ್ಪಗೆ, ಒಂದಕ್ಷರವೂ ಅಳಿಯದಂತೆ ಅಚ್ಚು ಹಾಕುವ ದರ್ದು ತಮಗೇನಿತ್ತು?